ತುಂಬಿದ ಬಸ್ಸು, ಪುಕ್ಕಟೆ ಸಲಹೆ

ಕೀನ್ಯಾದ ಕಿಸುಮು ಬಸ್ ಸ್ಟ್ಯಾಂಡಿನಲ್ಲಿ ಮೀನು ಕರಿಯುತ್ತಿದ್ದ ಅಪೊಂಡಿಯ ಬಳಿಗೆ ಮಗಳು ಅಕೆಯೊ ಓಡೋಡಿ ಬಂದಳು.

"ಅಮ್ಮಾ, ಸೀಟು ಸಿಕ್ತು! ವಿದೇಶದ ಕಾಲೇಜು!"

ಅಪೊಂಡಿ ಸೌಟು ಹಿಡಿದೇ ಕುಣಿದಳು. "ಕೇಳಿದ್ರಾ ಎಲ್ರೂ! ಶನಿವಾರ ನಮ್ಮನೇಲಿ ಹರಂಬೀ, ಇವಳ ಓದಿಗೆ ಚಂದಾ ಕೂಡಿಸೋ ಕೂಟ. ಬಂದು ಕೈಲಾದಷ್ಟು ದುಡ್ಡು ಹಾಕ್ರಪ್ಪಾ!"

ಮೀನಿಗೆಂದು ನಿಂತಿದ್ದ ಪಕ್ಕದ ಮನೆಯ ಟೀಚರ್ ಅಚೊಲಾ ನಕ್ಕರು. "ಶಹಬ್ಬಾಸ್, ನರ್ಸಮ್ಮಾ!"

ಅಕೆಯೊಳ ಮುಖ ತುಸು ಬಾಡಿತು. "ನರ್ಸಿಂಗ್ ಅಲ್ಲ ಟೀಚರ್, ಹೋಟೆಲ್ ನಿರ್ವಹಣೆ. ಅದೇ ಒಳ್ಳೇದು ಅಂತ ವಿದೇಶಿ ಕಾಲೇಜಿಗೆ ಸೇರಿಸೋ ಸಲಹೆಗಾರರು ಹೇಳಿದ್ರು."

"ಆಸ್ಪತ್ರೆ ಕನಸು ಕಂಡೋಳಿಗೆ ಹೋಟೆಲ್ಲಾ? ಆ ಸಲಹೆಗಾರರಿಗೆ ದುಡ್ಡು ಯಾರು ಕೊಡ್ತಾರೆ?"

"ನಮ್ಮ ಹತ್ರ ಬಿಡಿಗಾಸೂ ತಗೊಳ್ಳಲಿಲ್ಲ," ಅಪೊಂಡಿ ಸಿಡುಕಿದಳು. "ದೇವರಂಥ ಮನುಷ್ಯ! ಆಫೀಸಿನ ಗೋಡೆ ತುಂಬ ವಿದೇಶಕ್ಕೆ ಹೋದ ಮಕ್ಕಳ ನಗುಮುಖ. ನಿಮಗೆ ಅನ್ನದಲ್ಲೂ ಕಲ್ಲು ಹುಡುಕೋ ಚಾಳಿ."

"ದೇವರೂ ಆಫೀಸಿಗೆ ಬಾಡಿಗೆ ಕಟ್ಬೇಕಲ್ಲ ಅಪೊಂಡಿ! ಮಗು ಸೇರಿದ ಮೇಲೆ ಎಷ್ಟೋ ಕಾಲೇಜುಗಳು ಸಲಹೆಗಾರರಿಗೆ ಕಮಿಷನ್ ಕೊಡ್ತಾವೆ. ಅದು ಕಳ್ಳತನ ಅಲ್ಲ. ಆದ್ರೆ ಕಮಿಷನ್ ಕೊಡದ ಕಾಲೇಜಿನ ಹೆಸರು ಅವರ ಬಾಯಿಗೆ ಬರುತ್ತಾ?"

ಅಷ್ಟರಲ್ಲಿ ಪಕ್ಕದಲ್ಲೇ, ಬಸ್ಸಿಗೆ ಜನರನ್ನು ಕರೆಯುವವನೊಬ್ಬ ನಕುರು ಊರಿಗೆ ಹೋಗುವ ಬಸ್ಸಿನ ಬಾಗಿಲು ಬಡಿದು ಕೂಗಿದ: "ತುಂಬ್ತು, ತುಂಬ್ತು! ಒಂದೇ ಸೀಟು!"

ಮುದುಕರೊಬ್ಬರು ಏದುಸಿರು ಬಿಡುತ್ತ ಹತ್ತಿದರು. ಅವರು ಕೂತದ್ದೇ ತಡ, ಹಲವರು ಮೆಲ್ಲಗೆ ಇಳಿದರು. ಇಳಿದವರೆಲ್ಲ ಬಸ್ಸು ತುಂಬಿದಂತೆ ಕಾಣಲೆಂದು ಕೂಲಿ ಕೊಟ್ಟು ಕೂರಿಸಿದ್ದವರು. ದಿನವೂ ಅಪೊಂಡಿಯ ಮೀನು ತಿನ್ನುವವರೇ, ಅವಳಿಗೆ ಗುರುತಿದ್ದವರು.

ಅಪೊಂಡಿಯ ಸೌಟು ನಿಂತಿತು. "ಅಯ್ಯೋ! ನಮ್ಮ ಸಲಹೆಗಾರರ ಹಾಗೆ ಈ ಕೂಗೋನೂ ಪ್ರಯಾಣಿಕರ ಹತ್ರ ಕಾಸು ಕೇಳಲ್ಲ. ಬಸ್ಸಿನೋರು ಕೊಡ್ತಾರೆ. ಅದಕ್ಕೇ ಜನಾನ ಆ ಬಸ್ಸಿಗೇ ತಳ್ತಾನೆ!"

ಮರುದಿನ ತಾಯಿ ಮಗಳು ಸಲಹೆಗಾರರ ಎದುರು ಕೂತರು. ಅಕೆಯೊ ನೇರವಾಗಿ ಕೇಳಿದಳು.

"ಸಾರ್, ನಿಮಗೆ ಯಾರು ದುಡ್ಡು ಕೊಡ್ತಾರೆ? ನಾನು ಬೇರೆ ಕಾಲೇಜು ಸೇರಿದ್ರೂ ಸಿಗುತ್ತಾ?"

ಅವರು ಕನ್ನಡಕ ಒರೆಸಿಕೊಂಡರು. "ಈ ಕಾಲೇಜು ಕೊಡುತ್ತಮ್ಮ. ಬೇರೆ ಕಾಲೇಜೆಲ್ಲ ಕೊಡುತ್ತೆ ಅಂತಿಲ್ಲ."

"ನರ್ಸಿಂಗ್ ಇರೋ ಕಾಲೇಜು?"

"ಇವೆ. ನನಗೂ ಅವಕ್ಕೂ ಒಪ್ಪಂದ ಇಲ್ಲ, ಅಷ್ಟೆ."

ಶನಿವಾರದ ಹರಂಬೀಯನ್ನು ಮುಂದೂಡಿದರು. ಅಕೆಯೊ ಟೀಚರ್ ನೆರವಿನಿಂದ ನರ್ಸಿಂಗ್ ಕಾಲೇಜುಗಳಿಗೆ ತಾನೇ ನೇರವಾಗಿ ಬರೆದಳು. ಒಂದು ಕಾಲೇಜು ಸೀಟು ಕೊಟ್ಟಿತು! ಹರಂಬೀಯ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನನ್ನ ಮಗಳು ನರ್ಸ್ ಆಗ್ತಾಳೆ!" ಅಪೊಂಡಿ ಕೂಗಿದಳು. "ಈ ಬಸ್ಸು ನಿಜವಾಗ್ಲೂ ತುಂಬಿದೆ. ದುಡ್ಡು ಹಾಕ್ದೆ ಯಾರೂ ಇಳೀಬೇಡಿ!"

ನಿಮ್ಮ ಮಗುವಿಗೂ ಯಾರಾದರೂ ಪುಕ್ಕಟೆ ದಾರಿ ತೋರಿಸಿದರೆ ಕೃತಜ್ಞತೆ ಹೇಳಿ. ಹಾಗೆಯೇ ಕೇಳಿ: ನಿಮಗೆ ದುಡ್ಡು ಯಾರು ಕೊಡುತ್ತಾರೆ? ನಿಮಗೆ ದುಡ್ಡು ಕೊಡದ ಕಾಲೇಜುಗಳು ಯಾವುವು? ಉತ್ತರ ಸಿಕ್ಕ ಮೇಲೇ ಬಸ್ಸು ಹತ್ತಿ.