ಅಮಾಸಿಯ ಕಾಯಿ

ಸಂಡೂರಿನ ಆ ಗಣಿ ಕಂಪನಿಯ ಆಫೀಸಿಗೆ ನಾನು ರಿಪೇರಿಗೆಂದು ಮೂರನೇ ಸಲ ಹೋದಾಗ ಹೊನ್ನೂರಮ್ಮ ಜೆರಾಕ್ಸ್ ಮಷೀನಿನ ಪಕ್ಕ ಮನೆಗೆ ಹೊರಟವಳ ಹಾಗೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಮಷೀನು ನಡೆಸುವವಳು ಅವಳೇ. ಇನ್ನೊಮ್ಮೆ ಅದರೊಳಗಿನ ಹಾರ್ಡ್ ಡಿಸ್ಕ್ ಕೆಟ್ಟರೆ ಕೆಲಸ ಬಿಡಿಸುತ್ತೇನೆ ಎಂದು ಮ್ಯಾನೇಜರ್ ಈಶ್ವರ್ ಹೇಳಿದ್ದರು. ಕೆಟ್ಟಿತ್ತು.

ಬಂಡ್ರಿಯ ಹೆಣ್ಣುಮಗಳು. ಗಂಡ ಗಣಿಯಲ್ಲಿ ಕಾಲು ಕಳೆದುಕೊಂಡ ಮೇಲೆ ಕಂಪನಿ ಕೊಟ್ಟ ಕೆಲಸ ಅದು. ಮನೆಯಲ್ಲಿ ಬೇರೆ ದುಡಿಯುವ ಕೈ ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಎರಡು ಸಲ ಸರ್ವಿಸ್ ಚೀಟಿಯಲ್ಲಿ ‘ನಡೆಸುವವರ ಅಜಾಗರೂಕತೆ’ ಎಂದು ಬರೆದು, ಹೊಸ ಡಿಸ್ಕ್ ಕೂಡಿಸಿ, ಹೊಸಪೇಟೆಗೆ ವಾಪಸು ಹೋಗಿದ್ದೆ.

“ಏನವ್ವಾ, ಮಷೀನಿಗೆ ಒದೀತೀ ಏನು ನೀನು?”

“ಒದ್ದು ಚಾಲೂ ಮಾಡಾಕ ಅದೇನು ಮೋಟರ್ ಸೈಕಲ್ಲೇನ್ರಿ?” ಎಂದಳು. ನಗಲಿಲ್ಲ.

ಕರೆಂಟು ನೋಡಿದೆ, ಸರಿ ಇತ್ತು. ಊರೆಲ್ಲ ಅದಿರಿನ ಕೆಂಪು ಧೂಳಾದರೂ ಮಷೀನಿನ ಒಳಗೆ ಒಂದು ಚಿಟಿಕೆ ಧೂಳಿರಲಿಲ್ಲ. ದಿನಾ ಒರೆಸುತ್ತಿದ್ದಳು. ಬಲಗಡೆಯ ಕಬ್ಬಿಣದ ಮೂಲೆಯ ಹಿಂದೆಯೇ ಡಿಸ್ಕ್ ಇರುವುದು. ಆ ಮೂಲೆಯಲ್ಲಿ ಬೆರಳಿಗೆ ಏನೋ ತಗ್ಗು ಹತ್ತಿತು. ಸ್ಕ್ರೂ ಸಂದಿಯಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿತ್ತು.

ಹಳೇ ಚೀಟಿಗಳ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದೆ. ಮೂರೂ ಸಲ ನನ್ನನ್ನು ಕರೆದದ್ದು ಅಮಾವಾಸ್ಯೆಯ ಮರುದಿನ.

“ಇಲ್ಲಿ ಕಾಯಿ ಒಡೆದೋರು ಯಾರು?”

ಅವಳು ಮ್ಯಾನೇಜರ್ ಕ್ಯಾಬಿನ್ನಿನ ಕಡೆ ನೋಡಿದಳು. “ಸಾಹೇಬ್ರು. ಅಮಾಸಿ ಪೂಜಿಗೆ. ಮಷೀನು ಓಡ್ತಿರ್ಬೇಕಂತ, ಅವಾಗ್ಲೇ ಮೂಲಿಗೆ ಕುಟ್ಟಿ ಒಡೀತಾರ.”

“ಇಷ್ಟು ದಿನ ಯಾಕ ಹೇಳ್ಲಿಲ್ಲ?”

“ನೀವು ಕೇಳಿದ್ರೇನು? ಬೈದ್ರಿ, ಬರದ್ರಿ, ಹೋದ್ರಿ.”

ಎರಡು ಚೀಟಿಗಳನ್ನೂ ಹಿಡಿದು ಕ್ಯಾಬಿನ್ನಿಗೆ ಹೋದೆ. ಕಾಯಿಯ ಏಟಿಗೇ ಡಿಸ್ಕ್ ಕೆಡುತ್ತಿದೆ ಎಂದದ್ದನ್ನು ಈಶ್ವರ್ ಕೇಳಿಸಿಕೊಂಡು ಕುರ್ಚಿಗೆ ಒರಗಿದರು.

“ಡಂಪರಿಗೂ ಒಡೀತೀನಿ, ಕ್ರಷರಿಗೂ ಒಡೀತೀನಿ. ಅವು ಕೆಟ್ಟಾವೇನ್ರಿ?”

“ಅವು ಕಲ್ಲು ತಿನ್ನೋ ಮಷೀನು ಸಾರ್. ಇದರಾಗ ಒಂದು ತಟ್ಟಿ ಗಿರ್ರಂತ ತಿರುಗ್ತಿರತೈತಿ. ಅದರ ಮ್ಯಾಲ ಓದೋ ಕಡ್ಡಿ, ನಡುವ ಕೂದಲಷ್ಟೂ ಸಂದಿಲ್ಲ. ತಿರುಗೋ ಮುಂದ ಏಟು ಬಿದ್ರ ಗೀಚಿ ಬಿಡತೈತಿ.”

“ಮತ್ತ ಎರಡು ಸಲ ಆಕಿದೇ ತಪ್ಪಂತ ಬರದೀರಿ. ಅವಾಗ ಸುಳ್ಳು ಬರದ್ರೋ, ಈಗ ಸುಳ್ಳು ಹೇಳ್ತೀರೋ?”

ಸಿಟ್ಟು ನೆತ್ತಿಗೇರಿತು. ಆದರೆ ಆ ಮನುಷ್ಯ ಕೇಳಿದ್ದು ಸರಿಯಾದ ಪ್ರಶ್ನೆ.

“ಅವಾಗ ನೋಡ್ದೇ ಬರದೆ,” ಎಂದೆ. ಅವರ ಎದುರಿಗೇ ಎರಡು ಚೀಟಿಗಳಲ್ಲೂ ಆ ಸಾಲನ್ನು ಹೊಡೆದುಹಾಕಿ, ‘ಪರೀಕ್ಷಿಸದೆ ಬರೆದದ್ದು, ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದೆ. ಮೂರನೆಯದರಲ್ಲಿ ಕಾಯಿಯ ವಿಷಯ ಬರೆದೆ.

ಅವರು ಮೂರನ್ನೂ ಓದಿದರು. ಫೋನೆತ್ತಿ ಹೊಸಪೇಟೆಯ ನಮ್ಮ ಅಂಗಡಿಗೆ, “ಇನ್ನ ಮ್ಯಾಲ ಈ ತಿಪ್ಪೇಶನ್ನ ಕಳಿಸಬ್ಯಾಡ್ರಿ. ಕೆಲಸ ಬರಂಗಿಲ್ಲ ಇವ್ನಿಗೆ,” ಎಂದರು. ಫೋನಿಟ್ಟು ಬಾಗಿಲ ಕಡೆ ನೋಡಿ ಕೂಗಿದರು: “ಹೊನ್ನೂರಮ್ಮಾ, ಡಬ್ಬಿ ಒಳಗಿಡು. ಮುಂದಿನ ಅಮಾಸಿಗೆ ಕಾಯಿ ಹೊರಗ, ಮೆಟ್ಲ ಕಲ್ಲಿಗೆ ಒಡೆಯೋಣು.”

ಹೊಸ ಡಿಸ್ಕ್ ಕೂಡಿಸಿ ಹೊರಬಿದ್ದೆ. ಗೇಟಿನ ಹತ್ತಿರ ಬೈಕಿಗೆ ಚೀಲ ಕಟ್ಟುತ್ತಿದ್ದಾಗ ಹೊನ್ನೂರಮ್ಮ ನಾನು ಮರೆತಿದ್ದ ಸ್ಕ್ರೂಡ್ರೈವರ್ ತಂದುಕೊಟ್ಟಳು.

“ಆ ಎರಡು ಚೀಟಿನೂ ಅವಾಗ ನಾನ ಜೆರಾಕ್ಸ್ ತಗದು ಫೈಲಿಗೆ ಹಾಕಿದ್ದೆ ಸಾರ್,” ಎಂದಳು. “ನನಗೂ ಓದಾಕ ಬರತೈತಿ.”

ಒಳಗೆ ಹೋದಳು. ಮಷೀನು ಓಡತೊಡಗಿದ ಸದ್ದು ಗೇಟಿನವರೆಗೂ ಕೇಳುತ್ತಿತ್ತು.