ನೆಲದಾಳಿನ ಉತ್ತರ

ನನ್ನ ಗಂಡ ಡೆನ್ಜಿಲ್ ಸರ್ಜನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನೂ ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಯಾವುದರ ಸರ್ಜನ್ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ತಡೆದು, "ಮರಗಳದ್ದು" ಎನ್ನುತ್ತಾನೆ. ವ್ಯಾನಿನ ಎರಡು ಬದಿಯಲ್ಲೂ ಮನೆತನದ ಹೆಸರು ಸೇರಿಸಿ 'ಟ್ರೆಗೆನ್ಜಾ, ಮರಗಳ ಸರ್ಜನ್' ಎಂದು ಹಸಿರು ಬಣ್ಣದಲ್ಲಿ ಬರೆಸಿದ್ದಾನೆ. ಆಪರೇಷನ್ ಮುಗಿಯುವ ಹೊತ್ತಿಗೆ ಅವನ ರೋಗಿಗಳಲ್ಲಿ ಅರ್ಧ ಮಂದಿ ಸೌದೆಯಾಗಿರುತ್ತಾರೆ ಎಂಬುದನ್ನು ಬರೆಸಲು ಜಾಗ ಸಾಲಲಿಲ್ಲವಂತೆ.

ನಾನು ಮೋರ್ವೆನ್ನಾ. ಮರದ ಮೇಲಿನ ಕೆಲಸ ಅವನದು, ಮರದ ಕೆಳಗಿನದೆಲ್ಲ ನನ್ನದು. ಹಗ್ಗ ಹಿಡಿಯುವುದು, ಬಿದ್ದ ಕೊಂಬೆಗಳನ್ನು ಎಳೆದು ಪುಡಿ ಮಾಡುವ ಯಂತ್ರದ ಬಾಯಿಗೆ ತುರುಕುವುದು, ಫೋನು, ವಿಮೆ, ಕೌನ್ಸಿಲ್ಲಿನ ಒಪ್ಪಿಗೆ ಪತ್ರ. ಹಕ್ಕಿ ಗೂಡು ಕಟ್ಟಿದೆಯೇ ಎಂದು ನೋಡುವುದು, ಕಟ್ಟಿದೆ ಎಂದು ಗಿರಾಕಿಗೆ ಹೇಳುವುದು, ಹಕ್ಕಿಯ ಪರವಾಗಿ ಬೈಸಿಕೊಳ್ಳುವುದು. ಕಸುಬಿನಲ್ಲಿ ನನ್ನಂಥವರನ್ನು ನೆಲದಾಳು ಎನ್ನುತ್ತಾರೆ. ಪಬ್ಬಿನಲ್ಲಿ ಡೆನ್ಜಿಲ್ ಹೇಳುವುದು ಬೇರೆ: "ವ್ಯವಹಾರ ಎಲ್ಲ ನಾನೇ ನಡೆಸೋದು. ಇವಳೂ ಆಗಾಗ ಒಂದು ಕೈ ಹಾಕ್ತಾಳೆ ಅನ್ನಿ."

ಈ ಜೂನ್‌ನಲ್ಲಿ ನಾನು ಕೈ ಹಾಕಿದ್ದು ಅವನ ಹಾರ್ನೆಸ್ಸಿಗೆ. ಮರ ಹತ್ತುವವನು ಸೊಂಟಕ್ಕೂ ತೊಡೆಗೂ ಬಿಗಿದುಕೊಳ್ಳುವ ಪಟ್ಟಿ ಅದು. ಅವನ ಪ್ರಾಣ ನೇತಾಡುವುದು ಅದರಲ್ಲಿ. ಆರು ತಿಂಗಳಿಗೊಮ್ಮೆ ಲವ್‌ಡೇ ಎಂಬ ಹೆಂಗಸು ಭೂತಗನ್ನಡಿ ಹಿಡಿದು ಬಂದು ನಮ್ಮ ಹಗ್ಗ, ಕೊಕ್ಕೆ, ಪಟ್ಟಿಗಳನ್ನೆಲ್ಲ ಪರೀಕ್ಷಿಸುತ್ತಾಳೆ. ಆ ದಿನ ಡೆನ್ಜಿಲ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಲವ್‌ಡೇ ಹಾರ್ನೆಸ್ಸಿನ ಹೊಲಿಗೆಯನ್ನು ಉಗುರಿನಿಂದ ಕೆರೆದಳು. ದಾರ ಹಿಟ್ಟಿನಂತೆ ಉದುರಿತು. "ಇದರ ಮೇಲೆ ನಾನು ಬಟ್ಟೆ ಕೂಡ ಒಣಗಿಸಲ್ಲ ಕಣೆ" ಎಂದು ಕೆಂಪು ಚೀಟಿ ಅಂಟಿಸಿ ಹೋದಳು. ಕೆಂಪು ಚೀಟಿ ಬಿದ್ದ ಸಾಮಾನನ್ನು ಅವತ್ತೇ ಕತ್ತರಿಸಿ ಹಾಕಬೇಕು, ಅದು ಕಸುಬಿನ ನಿಯಮ. ಇಲ್ಲದಿದ್ದರೆ ಮರುದಿನ ಚೀಟಿ ಕಿತ್ತೆಸೆದು ಅದನ್ನೇ ತೊಟ್ಟುಕೊಳ್ಳುವ ಗಂಡಸರಿದ್ದಾರೆ. ಅಂಥ ಗಂಡಸರಲ್ಲಿ ಒಬ್ಬನ ಜೊತೆ ನಾನು ಮೂವತ್ತೊಂದು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಅಡುಗೆಮನೆಯ ಮಾಂಸದ ಕತ್ತರಿ ತಂದೆ, ಏಳು ತುಂಡು ಮಾಡಿದೆ.

ಅವನ ಹೆಲ್ಮೆಟ್ಟು ಮಾತ್ರ ಬಚಾವಾಯಿತು, ಅವನ ಜೊತೆ ವ್ಯಾನಿನಲ್ಲಿತ್ತು. ಪ್ಲಾಸ್ಟಿಕ್ಕಿಗೂ ಆಯಸ್ಸಿದೆ, ಅದರ ಒಳಗೆ ಅಚ್ಚು ಹಾಕಿದ ವರ್ಷದಲ್ಲಿ ನಮ್ಮ ನಾಯಿ ಜಾಗೋ ಇನ್ನೂ ಹುಟ್ಟಿರಲಿಲ್ಲ. ಜಾಗೋಗೆ ಈಗ ಹನ್ನೆರಡು.

ಡೆನ್ಜಿಲ್ ಊದಿದ ಕೆನ್ನೆಯೊಂದಿಗೆ ಮನೆಗೆ ಬಂದು ಕಸದ ಬುಟ್ಟಿ ನೋಡಿದ. ಹತ್ತೊಂಬತ್ತು ವರ್ಷದ ಹಾರ್ನೆಸ್ಸು. ಹೆತ್ತ ಮಗುವನ್ನು ಕಳೆದುಕೊಂಡವನ ಹಾಗೆ ನಿಂತಿದ್ದ. ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಒಂಬತ್ತು ಸಲ ಉಂಡೆವು, ಒಂಬತ್ತು ಸಲ ಮಲಗಿದೆವು, ಗೋಡೆಯ ಕಡೆ ಒಬ್ಬರು, ಕಿಟಕಿಯ ಕಡೆ ಒಬ್ಬರು. ಹೇಳಲೇಬೇಕಾದುದನ್ನು ನಾಯಿಗೆ ಹೇಳುತ್ತಿದ್ದ. "ಜಾಗೋ, ಅವಳಿಗೆ ಹೇಳು, ಹೊಸ ಹಾರ್ನೆಸ್ಸು ತೊಡೆ ಸಂದು ಕೊಯ್ತಿದೆ ಅಂತ." ನಾನೂ ಬಿಡಲಿಲ್ಲ. "ಜಾಗೋ, ಅವನಿಗೆ ಹೇಳು, ಸಂದು ಕೊಯ್ದರೂ ಪರವಾಗಿಲ್ಲ, ಸೊಂಟ ಮುರಿಯಲ್ಲ ಅಂತ." ಜಾಗೋ ಇಬ್ಬರನ್ನೂ ನೋಡಿ ಹಾಸಿಗೆ ಬದಲಾಯಿಸಿತು.

ಆದರೂ ಆ ಒಂಬತ್ತು ದಿನ ನಾವು ದಿನಕ್ಕೆ ನೂರು ಸಲ ಮಾತಾಡಿದೆವು, ಎರಡೇ ಎರಡು ಪದ. ಮೇಲಿನವನು ಪ್ರತಿ ಕೊಂಬೆ ಕೊಯ್ಯುವ ಮೊದಲು "ಕೆಳಗೆ?" ಎಂದು ಕೂಗುತ್ತಾನೆ. ಕೆಳಗಿನವಳು ಸುತ್ತ ನೋಡಿ, ನಾಯಿ, ಗಿರಾಕಿ, ಗಿರಾಕಿಯ ಅತ್ತೆ ಯಾರೂ ಕೊಂಬೆಯಡಿ ಇಲ್ಲವೆಂದಾದರೆ "ಖಾಲಿ" ಎನ್ನುತ್ತಾಳೆ. ಉತ್ತರ ಬಾರದೆ ಗರಗಸ ಮುಟ್ಟುವಂತಿಲ್ಲ. ಡೆನ್ಜಿಲ್ ಚರ್ಚಿಗೆ ಹೋಗುವವನಲ್ಲ, ಆದರೆ ಈ ಒಂದು ವಿಷಯದಲ್ಲಿ ಅವನಷ್ಟು ಮಡಿವಂತ ಕಾರ್ನ್‌ವಾಲಿನಲ್ಲೇ ಇಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನೇ ನೆಲದಾಳಾಗಿದ್ದ. ಮೇಲಿನವನು ಉತ್ತರಕ್ಕೆ ಕಾಯದೆ ಕೊಯ್ದುಬಿಟ್ಟ, ಕೊಂಬೆ ಇವನ ಎಡಭುಜದ ಮೇಲೆ ಬಿತ್ತು. ಆ ಭುಜ ಈಗಲೂ ಮಳೆ ಬರುವುದನ್ನು ರೇಡಿಯೋಗಿಂತ ಮೊದಲು ಹೇಳುತ್ತದೆ.

ಇಷ್ಟರ ಮಧ್ಯೆ ಮಿಸ್ಟರ್ ಸ್ಕ್ರಿವನ್ ಅವರ ಆ್ಯಶ್ ಮರ ಬಂತು.

ಸ್ಕ್ರಿವನ್ ಲಂಡನ್ನಿನವರು. ಸಮುದ್ರದಂಚಿನ ಬಂಡೆಯ ಮೇಲೆ ಮನೆ ಕೊಂಡಿದ್ದಾರೆ, ವರ್ಷಕ್ಕೆ ಆರು ವಾರ ಇಲ್ಲಿದ್ದು ಉಳಿದ ನಲವತ್ತಾರು ವಾರ ನಮ್ಮೂರನ್ನು ಬಹಳ ಪ್ರೀತಿಸುತ್ತಾರೆ. ಅವರ ಸ್ನಾನದ ಟಬ್ಬಿನಲ್ಲಿ ಮಲಗಿದರೆ ಸಮುದ್ರ ಕಾಣುವುದಿಲ್ಲ, ಮರ ಕಾಣುತ್ತದೆ. ಮರ ಅಲ್ಲಿ ನೂರು ವರ್ಷದಿಂದಿದೆ, ಟಬ್ಬು ಕಳೆದ ಏಪ್ರಿಲ್ಲಿನಿಂದ. ಹಾಗಾಗಿ ಮರ ಹೋಗಬೇಕು, ಅದೂ ಶನಿವಾರ ಅತಿಥಿಗಳು ಬರುವುದರೊಳಗೆ.

ಇಬ್ಬರೂ ಜಾಗೋನನ್ನು ಕರೆದುಕೊಂಡು ಹೋದೆವು, ಮರವನ್ನು ನಾನು ನೋಡಿದೆ. ಮರ ಹೇಗೂ ಸಾಯುತ್ತಿತ್ತು. ನಮ್ಮ ಕಡೆಯ ಆ್ಯಶ್‌ಗಳಿಗೆಲ್ಲ ಒಣಗುರೋಗ ಬಡಿದಿದೆ. ಮೈತುಂಬ ಎಲೆ ಇರಬೇಕಾದ ಜೂನ್ ತಿಂಗಳಲ್ಲಿ ಬೋಳು ತಲೆ, ಅಲ್ಲೊಂದು ಇಲ್ಲೊಂದು ಎಲೆಯ ಗೊಂಚಲು. ಬುಡಕ್ಕೆ ಸುತ್ತಿಗೆಯಿಂದ ಬಡಿದರೆ ಗಟ್ಟಿ ಮರದ ದನಿ ಬರಲಿಲ್ಲ, ಒದ್ದೆ ರಟ್ಟಿನ ಡಬ್ಬಿಯ ದನಿ ಬಂತು. ಈ ರೋಗ ಬಂದ ಮರ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಇಂಥದ್ದನ್ನು ಹತ್ತಬಾರದು, ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಲಾರಿ ತರಿಸಿ ಹೊರಗಿನಿಂದ ಕೊಯ್ಯಬೇಕು. ಫೋನು ಮಾಡಿದೆ. ಲಾರಿ ಮುಂದಿನ ಗುರುವಾರಕ್ಕೆ ಸಿಗುತ್ತದೆ ಎಂದರು.

"ಗುರುವಾರನಾ?" ಎಂದರು ಸ್ಕ್ರಿವನ್. ನನ್ನನ್ನು ದಾಟಿ ಡೆನ್ಜಿಲ್ ಕಡೆ ನೋಡಿದರು. "ನೀವು ಹತ್ತೋರು ಅಂದ್ಕೊಂಡಿದ್ದೆ. ಎತ್ತರ ಅಂದ್ರೆ ಭಯನಾ ನಿಮಗೆ?"

ಮುಗಿಯಿತು. ಐವತ್ತೆಂಟು ವರ್ಷದ ಗಂಡಸನ್ನು ಮರ ಹತ್ತಿಸಲು ಏಣಿ ಬೇಡ, ಇಷ್ಟು ಸಾಕು.

"ಜಾಗೋ," ಎಂದೆ ನಾನು, ಸ್ಕ್ರಿವನ್ ಎದುರಿಗೇ. "ಅವನಿಗೆ ಹೇಳು, ಈ ಮರದ ಹೊಟ್ಟೆ ಟೊಳ್ಳು. ಹತ್ತಿದ್ರೆ ನೀನು ವಿಧವೆಯ ನಾಯಿ ಆಗ್ತೀಯ."

"ಜಾಗೋ, ಅವಳಿಗೆ ಹೇಳು," ಎಂದ ಡೆನ್ಜಿಲ್ ಹಾರ್ನೆಸ್ಸಿನ ಪಟ್ಟಿ ಎಳೆಯುತ್ತಾ, "ಅವಳು ಕತ್ತರಿ ಹಿಡಿಯೋಕೆ ಮುಂಚಿನಿಂದ ನಾನು ಆ್ಯಶ್ ಹತ್ತಿದೀನಿ."

ಕೆಲಸಕ್ಕೆ ಮೊದಲು ಅಪಾಯಗಳ ಪಟ್ಟಿ ಬರೆಯುವ ಕಾಗದವೊಂದಿದೆ. 'ಕೊಳೆತ ಬುಡ' ಎಂದು ಬರೆದೆ, 'ಒಣ ಕೊಂಬೆಗಳು' ಎಂದು ಬರೆದೆ, ಮೂರನೆಯ ಸಾಲಿನಲ್ಲಿ 'ಗಂಡ' ಎಂದು ಬರೆದು ಸಹಿ ಹಾಕಿದೆ. ಆಗಿನ್ನೂ ನನಗೆ ಕೋಪವೇ ಹೆಚ್ಚಿತ್ತು.

ಅವನು ಹತ್ತಿದ. ಚೆನ್ನಾಗಿ ಹತ್ತುತ್ತಾನೆ, ಆ ವಿಷಯದಲ್ಲಿ ಸುಳ್ಳು ಹೇಳಲಾರೆ. ನೆಲದ ಮೇಲೆ ಕುಂಟುವ ಮೊಣಕಾಲು ಮರದ ಮೇಲೆ ಕುಂಟುವುದಿಲ್ಲ. ಎತ್ತರದ ಕವಲಿಗೆ ಹಗ್ಗ ಹಾಕಿ, ಸಮುದ್ರದ ಕಡೆ ಚಾಚಿದ ದಪ್ಪ ಕೊಂಬೆಯ ಬುಡಕ್ಕೆ ಹೋಗಿ ಕುಳಿತ. ಸ್ಕ್ರಿವನ್ ದೂರದಲ್ಲಿ ಆರಾಮಕುರ್ಚಿ ಹಾಕಿಸಿಕೊಂಡು ಕಾಫಿಯೊಂದಿಗೆ ಆಸೀನರಾದರು, ಎಷ್ಟೆಂದರೂ ಆಪರೇಷನ್ನಲ್ಲವೇ.

"ಕೆಳಗೆ?"

ಸುತ್ತ ನೋಡಿದೆ. ನಾಯಿ ವ್ಯಾನಿನಲ್ಲಿತ್ತು. ಹುಲ್ಲಿನ ಮೇಲೆ ಒಂದು ನೊಣವೂ ಇರಲಿಲ್ಲ. ಖಾಲಿ ಎನ್ನಲು ಬಾಯಿ ತೆರೆದೆ.

ಬರಲಿಲ್ಲ. ಒಂಬತ್ತು ದಿನದಲ್ಲಿ ಮೊದಲ ಸಲ ನನಗೆ ಕೋಪ ಇರಲಿಲ್ಲ, ಭಯವಿತ್ತು. ಆ ಕೊಂಬೆ ಹೋದ ಕ್ಷಣ ಮರದ ಭಾರವೆಲ್ಲ ಇತ್ತ ಕಡೆ ಒದೆಯುತ್ತದೆ, ಆ ಒದೆತ ತಡೆಯಬೇಕಾದ ಕವಲಿನಲ್ಲೇ ಅವನ ಹಗ್ಗವಿದೆ. ನಾನು ಒಂದು ಪದ ಹೇಳಿದರೆ ಅವನು ಕೊಯ್ಯುತ್ತಾನೆ. ಇಳಿದು ಬಾ ಎಂದರೆ ಹಟಕ್ಕೆ ಇನ್ನಷ್ಟು ಆಚೆ ಸರಿಯುತ್ತಾನೆ. ಅವನ ಬಳಿ ನನ್ನದೊಂದು ಮಾತು ನಡೆಯುವುದಿದ್ದರೆ, ಅದು ನಾನು ಆಡದೆ ಇಟ್ಟುಕೊಂಡ ಮಾತು. ಬಾಯಿ ಮುಚ್ಚಿದೆ.

"ಕೆಳಗೆ?" ಈ ಸಲ ದನಿ ದೊಡ್ಡದಾಗಿತ್ತು.

ನಾನು ಬೂಟಿನ ದಾರ ನೋಡುತ್ತಾ ನಿಂತೆ.

"ಏನ್ರೀ ಅದು?" ಎಂದರು ಸ್ಕ್ರಿವನ್. "ಯಾಕೆ ನಿಂತು ಹೋಯ್ತು?"

"ಉತ್ತರಕ್ಕೆ ಕಾಯ್ತಿದ್ದಾನೆ."

"ಮತ್ತೆ ಕೊಡಿ. ಕೆಳಗೆ ಯಾರೂ ಇಲ್ವಲ್ಲ."

"ಹೌದು, ಇಲ್ಲ."

ಲಂಡನ್ನಿನಲ್ಲಿ ಇವರು ನೂರು ಜನರ ಕಚೇರಿ ನಡೆಸುತ್ತಾರಂತೆ. ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಮರದ ಕಡೆ ಮುಖ ಮಾಡಿ ಕೂಗಿದರು. "ಖಾಲಿ!"

ಡೆನ್ಜಿಲ್‌ನ ಕೈ ಗರಗಸದ ಮೋಟಾರನ್ನು ಎಳೆದು ಚಾಲೂ ಮಾಡುವ ದಾರದ ಮೇಲಿತ್ತು. ಬೇಡ ಎಂದು ಕೂಗಬೇಕಿತ್ತು. ಇಷ್ಟು ಹೊತ್ತು ಬೇಕೆಂದು ಮುಚ್ಚಿದ್ದ ಬಾಯಿ ಈಗ ತೆರೆಯಲು ಒಪ್ಪಲಿಲ್ಲ.

ಅವನು ಕೈ ತೆಗೆದ.

"ಅದು ಅವಳ ಗಂಟಲಲ್ಲ," ಎಂದ ಮೇಲಿನಿಂದ, ಸಮಾಧಾನವಾಗಿ. "ನೀವು ಕಾಫಿ ಕುಡೀರಿ ಸಾರ್. ನನ್ನ ನೆಲದಾಳು ಹೇಳೋ ತನಕ ನಾನು ಇಲ್ಲೇ ಕೂತಿರ್ತೀನಿ."

ಕುಳಿತ. ನಾನು ನಿಂತೆ. ಗರಗಸ ಆರಿತ್ತು, ಪುಡಿ ಮಾಡುವ ಯಂತ್ರ ಆರಿತ್ತು, ಸ್ಕ್ರಿವನ್ ಕೂಡ ಹೇಗೋ ಆರಿದ್ದರು. ಗಾಳಿಯೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಅಷ್ಟು ಮೌನ ಎಂದೂ ಇರುವುದಿಲ್ಲ.

ಆಗ ಮರದೊಳಗಿನಿಂದ ಒಂದು ಸದ್ದು ಬಂತು. ಚಿಟ್. ಒಲೆಯ ಮೇಲಿಟ್ಟ ತಣ್ಣನೆಯ ಗಾಜಿನ ಪಾತ್ರೆ ಮಾಡುವಷ್ಟೇ ಸಣ್ಣದು. ಗರಗಸ ಓಡುತ್ತಿದ್ದರೆ ದೇವರಿಗೂ ಕೇಳಿಸುತ್ತಿರಲಿಲ್ಲ.

ಡೆನ್ಜಿಲ್ ತಲೆಯೆತ್ತಿ ಹಗ್ಗ ಕಟ್ಟಿದ ಕವಲನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿ ನನ್ನನ್ನು ನೋಡಿದ.

"ಮೋರ್ವೆನ್ನಾ," ಎಂದ. ಒಂಬತ್ತು ದಿನದ ಮೇಲೆ ನನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಹೀಗೆ. "ಕೇಳಿಸ್ತಾ?"

"ಕೇಳಿಸ್ತು. ಮೆಲ್ಲಗೆ ಬಾ. ಒಂದೇ ಸಮ ಬಾ, ಜಗ್ಗಬೇಡ."

ಅವನು ಇಳಿದ. ಸಾಮಾನ್ಯವಾಗಿ ಇಪ್ಪತ್ತು ಸೆಕೆಂಡಿನಲ್ಲಿ ಜಾರಿ ಬರುವವನು ಅಂದು ಗೇಣು ಗೇಣಾಗಿ ಬಂದ. ನಾನು ಹಗ್ಗದ ತುದಿ ಹಿಡಿದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅವನನ್ನು, ಅವನ ವಂಶವನ್ನು, ಸ್ಕ್ರಿವನ್‌ರ ಟಬ್ಬನ್ನು. ಬೂಟು ಹುಲ್ಲಿಗೆ ತಗುಲಿದ ಮೇಲೆ ಹಗ್ಗ ಬಿಟ್ಟು ಅವನ ಹಾರ್ನೆಸ್ಸಿನ ಕೊಕ್ಕೆ ಬಿಚ್ಚಿದೆ.

"ಟೀ ಇದೆಯಾ?" ಎಂದ.

"ಹಾಗಾದ್ರೆ ಶನಿವಾರ ನನ್ನ ಅತಿಥಿಗಳಿಗೆ ಸಮುದ್ರ?" ಎಂದರು ಸ್ಕ್ರಿವನ್.

"ಮೆಟ್ಟಿಲಿಳಿದು ಹೋಗಿ ಸಾರ್," ಎಂದ ಡೆನ್ಜಿಲ್, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ. "ಅಲ್ಲೇ ಇದೆ. ದೊಡ್ಡದು, ತಪ್ಪಿಸಿಕೊಳ್ಳಲ್ಲ."

ವ್ಯಾನಿನಲ್ಲಿ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಪೇಸ್ಟಿಯನ್ನು ಮುರಿದು ದೊಡ್ಡ ಅರ್ಧ ನನಗೆ ಕೊಟ್ಟ. ಇದೂ ಹೊಸದು.

"ನೀನ್ಯಾಕೆ ಖಾಲಿ ಅನ್ನಲಿಲ್ಲ?"

"ಒಂಬತ್ತು ದಿನದಿಂದ ನಾನು ಹೇಳಿದ್ದು ಒಂದಾದ್ರೂ ಕಿವಿಗೆ ಹಾಕ್ಕೊಂಡಿದ್ದೀಯಾ? ಹೇಳದೆ ಇದ್ದದ್ದಾದ್ರೂ ಕೇಳಿಸ್ತಲ್ಲ."

ಅವನು ತನ್ನ ಅರ್ಧದಿಂದ ಚೂರು ಮುರಿದು ಜಾಗೋಗೆ ಹಾಕಿದ. "ಆ ಹಾರ್ನೆಸ್ಸು ಇನ್ನೂ ಎರಡು ವರ್ಷ ಬರ್ತಿತ್ತು," ಎಂದ. ಇಂಥವನು ಒಂದೇ ದಿನದಲ್ಲಿ ಪೂರ್ತಿ ರಿಪೇರಿಯಾಗುವುದಿಲ್ಲ.

ಶನಿವಾರ ಕಳೆಯಿತು, ಮರ ಬೀಳಲಿಲ್ಲ. ಭಾನುವಾರವೂ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಡೆನ್ಜಿಲ್, "ನಿಂತೇ ಇದೆ ನೋಡು, ಸುಮ್ಮನೆ ಇಳಿದೆ" ಎಂದ. ನಾನು ಜಾಗೋ ಕಡೆ ತಿರುಗಿದೆ. ಅವನು ತಕ್ಷಣ ಬೆಣ್ಣೆಯ ಬಗ್ಗೆ ಮಾತಾಡಿದ.

ಗುರುವಾರ ಲಾರಿ ಬಂತು. ಡೆನ್ಜಿಲ್ ಬುಟ್ಟಿಯಲ್ಲಿ ನಿಂತು ಮರದ ಹೊರಗಿನಿಂದ ಅದೇ ಕೊಂಬೆಗೆ ಗರಗಸ ಹಿಡಿದ. "ಕೆಳಗೆ?" ಎಂದ, "ಖಾಲಿ" ಎಂದೆ. ಗರಗಸದ ಹಲ್ಲು ಒಂದು ಬೆರಳು ಆಳಕ್ಕೂ ಇಳಿದಿರಲಿಲ್ಲ, ಕೊಂಬೆ ತಾನೇ ಹೋಯಿತು. ಹೋಗುವಾಗ ಮೇಲಿನ ಕವಲನ್ನು ಸೀಳಿಕೊಂಡು ಕರೆದುಕೊಂಡು ಹೋಯಿತು. ಅವನು ಹಗ್ಗ ಕಟ್ಟಿದ್ದ ಜಾಗ ಹುಲ್ಲಿನ ಮೇಲೆ ಬಿದ್ದು ಒಡೆಯಿತು. ಒಳಗಿನ ಮರ ಟೀಯಲ್ಲಿ ನೆನೆದ ಬಿಸ್ಕತ್ತಿನಂತಿತ್ತು. ಸಮುದ್ರ ಕಂಡಿತು. ಸ್ಕ್ರಿವನ್ ಚಪ್ಪಾಳೆ ತಟ್ಟಿದರು. ಡೆನ್ಜಿಲ್ ಸಮುದ್ರ ನೋಡಲಿಲ್ಲ. ಬುಟ್ಟಿಯ ಅಂಚು ಹಿಡಿದು, ಬಿದ್ದ ಕವಲನ್ನೂ ಅದರ ಪಕ್ಕದಲ್ಲಿ ನಿಂತ ನನ್ನನ್ನೂ ನೋಡುತ್ತಿದ್ದ.

ಶುಕ್ರವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಡೆನ್ಜಿಲ್ ಹೆಲ್ಮೆಟ್ ಹಿಡಿದು ಹೊರಗೆ ಬಂದ. ಅದನ್ನು ಕೊಯ್ಯುವ ಮಣೆಯ ಮೇಲೆ ಮಗುಚಿಟ್ಟು, ಕೈಗರಗಸ ತೆಗೆದುಕೊಂಡ.

"ಇದರ ವರ್ಷ ಮುಗಿದು ಬಹಳ ಆಗಿದೆ," ಎಂದ ಹೆಲ್ಮೆಟ್ಟಿಗೆ. "ಲವ್‌ಡೇ ನೋಡಿದ್ರೆ ನಗ್ತಾಳೆ."

ನಾನು ಕ್ಲಿಪ್ಪು ಸಿಕ್ಕಿಸುತ್ತಾ ಇದ್ದೆ. ಗರಗಸದ ಸದ್ದು ಬರಲಿಲ್ಲ. ತಿರುಗಿ ನೋಡಿದೆ. ಮೇಲೆ ಬರೀ ಆಕಾಶ, ಬೀಳಲು ಒಂದು ಎಲೆಯೂ ಇಲ್ಲ. ಅವನು ಗರಗಸವನ್ನು ಪ್ಲಾಸ್ಟಿಕ್ಕಿಗೆ ತಾಗಿಸಿ ಹಿಡಿದು, ನನ್ನನ್ನೇ ನೋಡುತ್ತಾ ಕಾಯುತ್ತಿದ್ದ.

"ಕೆಳಗೆ?" ಎಂದ, ಮೆಲ್ಲಗೆ.

ಅವನ ಇನ್ನೊಂದು ಅಂಗಿ ಹರವಿದೆ. ತೋಳು ಸರಿ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಇದೊಂದು ಸಲ ಆರಾಮವಾಗಿ ಕಾಯಿಸಿದೆ.

"ಖಾಲಿ," ಎಂದೆ.