ಚಟವಿಲ್ಲದ ಮನೆತನ

ನಮ್ಮ ಭಾವನವರಿಗೆ ಮರ್ಯಾದೆಯೇ ಪ್ರಾಣ. ಅದಕ್ಕಾಗಿ ತಮ್ಮನ ಪ್ರಾಣ ಹಿಂಡಿದರೂ ಅವರಿಗೆ ಅಡ್ಡಿಯಿಲ್ಲ.

ಆ ತಮ್ಮ, ಅಂದರೆ ನನ್ನ ಗಂಡ, ಲೇತ್ ಕೆಲಸದವರು. ಕಾರ್ಖಾನೆಯಲ್ಲಿ ಬಿದ್ದು ಬೆನ್ನು ಮುರಿದುಕೊಂಡಾಗಿನಿಂದ ಬೆಳಿಗ್ಗೆ ಸಂಜೆ ಮಾರ್ಫಿನ್ ಮಾತ್ರೆ ಬೇಕೇ ಬೇಕು, ಡಾಕ್ಟರೇ ಬರೆದುಕೊಟ್ಟದ್ದು. ನುಂಗಿದರೆ ಎದ್ದು ಕೂತು ಓಣಿಯವರ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಇಲ್ಲದಿದ್ದರೆ ಮಗ್ಗುಲು ಬದಲಿಸಲೂ ಆಗದು. ಭಾವನವರ ಬಾಯಲ್ಲಿ ಮಾತ್ರ ಅದು 'ಆ ಸುಡುಗಾಡು'.

ಸೊಂಟದ ಆಪರೇಷನ್ನಿನ ಹಿಂದಿನ ದಿನ ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಆಗಲೇ ಅರಿವಳಿಕೆ ಡಾಕ್ಟರಮ್ಮ ವಾರ್ಡಿಗೆ ಬಂದು, ದಿನಾ ಏನಾದರೂ ಮಾತ್ರೆ ನುಂಗುತ್ತಾರಾ ಎಂದು ಕೇಳಿದ್ದರು. ಭಾವ ಎದೆಯುಬ್ಬಿಸಿ, "ನಮ್ಮ ಮನೇಲಿ ಯಾರಿಗೂ ಯಾವ ಚಟಾನೂ ಇಲ್ಲ ಮೇಡಂ" ಎಂದರಂತೆ. ಅಣ್ಣನಿಗೆ ಎದುರು ಮಾತಾಡಿ ಗೊತ್ತಿಲ್ಲದ ನನ್ನ ಗಂಡ ಗೋಡೆ ನೋಡುತ್ತಾ ಮಲಗಿದ್ದರಂತೆ. ಇದನ್ನೆಲ್ಲ ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ನನಗೆ ಹೇಳಿದ್ದು ಆಪರೇಷನ್ ಮುಗಿದ ಮೇಲೆ. ಮಾತ್ರೆಗಳನ್ನು ನರ್ಸಿಗೆ ಕೊಡುತ್ತೇನೆಂದು ನನ್ನಿಂದ ಇಸಿದುಕೊಂಡ ಭಾವ, ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಆಪರೇಷನ್ ಆದಮೇಲೆ ನೋವಿಗೆ ಎಲ್ಲರಿಗೂ ಕೊಡುವ ಇಂಜೆಕ್ಷನ್ನೇ ಇವರಿಗೂ ಕೊಟ್ಟರು. ಉಳಿದವರು ನಿದ್ದೆ ಹೋದರು. ಇವರು ಮೈಯೆಲ್ಲ ಬೆವತು, ನಡುಗುತ್ತಾ, ಹೊದಿಕೆ ಕಚ್ಚಿಕೊಂಡಿದ್ದರು. ನೋಡಲಾಗದೆ ಡ್ಯೂಟಿ ಡಾಕ್ಟರನ್ನು ಕರೆದು ಮಾರ್ಫಿನ್ ವಿಷಯ ಹೇಳಿದೆ. ಆತ ನನ್ನ ಗಂಡನನ್ನು ಜೇಬುಗಳ್ಳನನ್ನು ನೋಡುವ ಹಾಗೆ ನೋಡಿದ.

"ನಿನ್ನೆ ಏನೂ ಇಲ್ಲ ಅಂದ್ರಿ. ಇವತ್ತು ಜಾಸ್ತಿ ಕೊಡಿ ಅಂತೀರಿ."

"ಅವಳಿಗೆ ಗಾಬರಿ, ಸಾರ್. ನನ್ನ ತಮ್ಮ ತಡ್ಕೋತಾನೆ," ಎಂದರು ಭಾವ.

"ನೋವು ನಿಮ್ಮದಾಗಿದ್ರೆ ಗೊತ್ತಾಗ್ತಿತ್ತು, ಭಾವ," ಎಂದು ಹೇಳಿ, ಡಾಕ್ಟರಮ್ಮನನ್ನು ಹುಡುಕಿಕೊಂಡು ಓಡಿದೆ. ಮೆಟ್ಟಿಲ ಬಳಿ ಸಿಕ್ಕರು. ಬಂದು, ಕಣ್ಣು, ನಾಡಿ ನೋಡಿದರು.

"ದಿನದ ಮಾತ್ರೆ ನಿಲ್ಲಿಸಲೇಬಾರದಿತ್ತು. ಆಪರೇಷನ್ ನೋವಿಗೆ ಅದರ ಮೇಲೆ ಇನ್ನಷ್ಟು ಬೇಕು, ಬೇರೆಯವರಿಗಿಂತ ಜಾಸ್ತೀನೇ. ಮೈ ಒಗ್ಗಿಕೊಂಡಿದೆ, ಅಷ್ಟೇ. ಇದನ್ನ ಚಟ ಅನ್ನಲ್ಲ." ಭಾವನ ಕಡೆ ತಿರುಗಿ, "ನಾನು ಕೇಳಿದಾಗಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದರು. ಇಡೀ ವಾರ್ಡು ನೋಡುತ್ತಿತ್ತು. ಭಾವ ಕನ್ನಡಕ ಒರೆಸತೊಡಗಿದರು.

ಡಾಕ್ಟರಮ್ಮ ಹೆಚ್ಚಿಸಿ ಕೊಡಿಸಿದ ಔಷಧಿ ಹಿಡಿಯುತ್ತಾ ಬಂತು. ಬಿಗಿದಿದ್ದ ಮುಷ್ಟಿ ಸಡಿಲಾಯಿತು. ನನ್ನ ಗಂಡ ಕಣ್ಣು ಬಿಟ್ಟು ಅಣ್ಣನನ್ನು ಹುಡುಕಿದರು.

"ಅಣ್ಣಾ, ಎಲ್ಲರ ಮುಂದೆ ನಿನ್ನ ತಲೆ ತಗ್ಗಿಸಿಬಿಟ್ಟೆ. ತಪ್ಪಾಯ್ತು."

ಭಾವ ಅವರ ಹಣೆ ಸವರಿ, "ಇರ್ಲಿ ಬಿಡು," ಎಂದು ಕ್ಷಮಿಸಿಬಿಟ್ಟರು.